ಎಂಜಿನ್ ಇಳಿಸುವ ಮುನ್ನ ಕಾರಣ ಬರೆದುಕೊಡಲಿ

ಮಾನ್ಯ ಸಂಪಾದಕರೇ,

ಹತ್ತು ಹದಿನೈದು ವರ್ಷ ಓಡಿದ ಸಣ್ಣ ಕಾರೊಂದು ಹೊಗೆ ಬಿಡತೊಡಗಿದರೆ, ಆಯಿಲ್ ಕುಡಿಯತೊಡಗಿದರೆ ಅಥವಾ ಏರಿನಲ್ಲಿ ಎಳೆಯಲಾರದೆ ಏದುಸಿರು ಬಿಟ್ಟರೆ ನಮ್ಮ ಊರುಗಳ ಗ್ಯಾರೇಜುಗಳಲ್ಲಿ ಮೊದಲು ಕೇಳಿಬರುವ ಮಾತು ‘ಎಂಜಿನ್ ಇಳಿಸಬೇಕು’ ಎಂಬುದೇ. ಈ ಮಾತು ಕೆಲವು ಸಲ ನಿಜವಾಗಿರುತ್ತದೆ. ಆದರೆ ಬಹಳಷ್ಟು ಸಲ ಅದು ಒಂದು ಮೀಟರನ್ನೂ ಹಚ್ಚಿ ನೋಡುವ ಮೊದಲೇ ಹೊರಬಿದ್ದಿರುತ್ತದೆ. ಕೈಗಾರಿಕಾ ತರಬೇತಿ ಸಂಸ್ಥೆಯಲ್ಲಿ ಮೋಟಾರು ವಾಹನ ವಿಭಾಗದ ಬೋಧಕನಾಗಿದ್ದು ನಿವೃತ್ತನಾದ ನನಗೆ ಈ ವಿಷಯದಲ್ಲಿ ಹೇಳಬೇಕಾದ್ದು ಇಷ್ಟು: ಎಂಜಿನ್ನಿನ ಬಿಡಿಭಾಗಗಳಲ್ಲಿ ಹೆಚ್ಚಿನವನ್ನು ಎಂಜಿನ್ ಕಾರಿನಲ್ಲೇ ಕೂತಿರುವಾಗ ಬದಲಿಸಬಹುದು, ಬದಲಿಸಲಾಗದ ಕೆಲವನ್ನು ಗುರುತಿಸುವ ಪರೀಕ್ಷೆಗಳೂ ಇವೆ, ಆ ಪರೀಕ್ಷೆಗಳ ಅಂಕಿಗಳನ್ನು ಕಾಗದದಲ್ಲಿ ಕಾಣದೆ ಎಂಜಿನ್ ಇಳಿಸಲು ಯಾರೂ ಒಪ್ಪಬೇಕಾಗಿಲ್ಲ.

ಎಂಜಿನ್ ಇಳಿಸುವುದೆಂದರೆ ನಾಲ್ಕು ಬೋಲ್ಟು ಬಿಚ್ಚಿ ಕ್ರೇನಿಗೆ ಸರಪಳಿ ಕಟ್ಟುವುದಷ್ಟೇ ಅಲ್ಲ ಎಂಬುದು ಕಾರಿನ ಒಡೆಯರಿಗೆ ಸಾಮಾನ್ಯವಾಗಿ ತಿಳಿದಿರುವುದಿಲ್ಲ. ಮುಂದಿನ ಚಕ್ರಗಳಿಂದ ಓಡುವ ಕಾರಿನಲ್ಲಿ ಎಂಜಿನ್ ಅಡ್ಡಲಾಗಿ ಕೂತಿದ್ದು, ಗೇರ್‌ಬಾಕ್ಸ್ ಅದರ ಪಕ್ಕಕ್ಕೇ ಅಂಟಿಕೊಂಡಿರುತ್ತದೆ. ಅದನ್ನು ಹೊರತೆಗೆಯಲು ಎರಡೂ ಕಡೆಯ ಡ್ರೈವ್ ಶಾಫ್ಟ್ ಎಳೆಯಬೇಕು, ಗೇರ್ ಆಯಿಲ್ ಸುರಿಯಬೇಕು, ರೇಡಿಯೇಟರಿನ ಹೋಸುಗಳು, ಪೆಟ್ರೋಲ್ ಪೈಪು, ಕ್ಲಚ್ ಕೇಬಲ್, ಗೇರ್ ಕೇಬಲ್, ಸೈಲೆನ್ಸರಿನ ಮುಂದಿನ ಪೈಪು ಇವೆಲ್ಲ ಕಳಚಬೇಕು. ಏಸಿ ಇದ್ದರೆ ಕಂಪ್ರೆಸರನ್ನು ಪೈಪುಗಳ ಸಮೇತ ಪಕ್ಕಕ್ಕೆ ಕಟ್ಟಿಡಬೇಕು ಅಥವಾ ಗ್ಯಾಸನ್ನು ಯಂತ್ರದಿಂದ ಹಿಂಪಡೆಯಬೇಕು. ಎಲ್ಲಕ್ಕಿಂತ ಹೆಚ್ಚಿನ ಗಂಡಾಂತರ ವೈರಿಂಗಿನದು. ವರ್ಷಾನುಗಟ್ಟಲೆ ಎಂಜಿನ್ನಿನ ಕಾವಿನಲ್ಲಿ ಬೆಂದ ಪ್ಲಾಸ್ಟಿಕ್ ಕನೆಕ್ಟರುಗಳು ಹಪ್ಪಳದಂತೆ ಮುರಿಯುತ್ತವೆ. ಅದರ ಲಾಕು ಮುರಿದದ್ದು ಆ ದಿನ ಯಾರಿಗೂ ಕಾಣುವುದಿಲ್ಲ, ಮೂರು ತಿಂಗಳ ಮೇಲೆ ಮಳೆಗಾಲದಲ್ಲಿ ಸೆನ್ಸರಿನ ಸಂಪರ್ಕ ತಪ್ಪಿ ಕಾರು ನಡುದಾರಿಯಲ್ಲಿ ನಿಂತಾಗ ಕಾಣುತ್ತದೆ. ಆಗ ಅದು ಹೊಸ ದೋಷವೆಂದೇ ಲೆಕ್ಕಕ್ಕೆ ಸೇರುತ್ತದೆ, ಅದಕ್ಕೆ ಬೇರೆಯೇ ಬಿಲ್ಲು ಬರುತ್ತದೆ.

ಆದ್ದರಿಂದ ಮೊದಲು ಪರೀಕ್ಷೆ. ಪೆಟ್ರೋಲ್ ಎಂಜಿನ್ನಾದರೆ ಎಲ್ಲ ಸ್ಪಾರ್ಕ್ ಪ್ಲಗ್ಗುಗಳನ್ನೂ ಬಿಚ್ಚಿ, ಇಂಧನ ಮತ್ತು ಕಿಡಿ ಎರಡನ್ನೂ ತಡೆದು, ಆಕ್ಸಿಲರೇಟರನ್ನು ಪೂರ್ತಿ ಒತ್ತಿ ಹಿಡಿದು, ಬ್ಯಾಟರಿ ತುಂಬಿದ ಸ್ಥಿತಿಯಲ್ಲಿ ಸ್ಟಾರ್ಟರ್ ತಿರುಗಿಸಿ ಒಂದೊಂದೇ ಸಿಲಿಂಡರಿನ ಕಂಪ್ರೆಶನ್ನನ್ನು, ಅಂದರೆ ಪಿಸ್ಟನ್ ಮೇಲೇರಿದಾಗ ಒಳಗೆ ಹುಟ್ಟುವ ಒತ್ತಡವನ್ನು, ಅಳೆಯಬೇಕು. ಚೆನ್ನಾಗಿರುವ ಸಣ್ಣ ಪೆಟ್ರೋಲ್ ಎಂಜಿನ್ನಿನಲ್ಲಿ ಇದು ಸಾಮಾನ್ಯವಾಗಿ 170ರಿಂದ 200 ಪಿಎಸ್‌ಐ (ಚದರ ಅಂಗುಲಕ್ಕೆ ಪೌಂಡು) ಆಸುಪಾಸಿನಲ್ಲಿರುತ್ತದೆ; ಆಯಾ ಕಾರಿನ ಕೈಪಿಡಿಯಲ್ಲಿ ಕನಿಷ್ಠ ಮಿತಿ ಕೊಟ್ಟಿರುತ್ತಾರೆ. ಅಂಕಿ ಎಷ್ಟು ಎಂಬುದಕ್ಕಿಂತಲೂ ಸಿಲಿಂಡರುಗಳ ನಡುವೆ ಅಂತರವೆಷ್ಟು ಎಂಬುದು ಹೆಚ್ಚು ಹೇಳುತ್ತದೆ. ಒಂದರಲ್ಲಿ ಮಾತ್ರ ಕಡಿಮೆ ಬಂದರೆ ಆ ಸಿಲಿಂಡರಿನೊಳಗೆ ಒಂದು ಚಮಚೆಯಷ್ಟು ಎಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆಯಬೇಕು. ಅಂಕಿ ಏರಿದರೆ ಪಿಸ್ಟನ್ನಿನ ಸುತ್ತ ಕೂತು ಸಂದು ಮುಚ್ಚುವ ರಿಂಗು ಸವೆದಿದೆ ಎಂದು ಸಂಶಯಪಡಬೇಕು, ಏಕೆಂದರೆ ಆಯಿಲ್ ರಿಂಗಿನ ಸಂದುಗಳನ್ನು ತಾತ್ಕಾಲಿಕವಾಗಿ ಮುಚ್ಚುತ್ತದೆ. ಏರದಿದ್ದರೆ ದೋಷ ಮೇಲಿನದು, ಅಂದರೆ ವಾಲ್ವಿನದು, ಅಥವಾ ಸಿಲಿಂಡರುಗಳ ಮೇಲಿನ ಮುಚ್ಚಳದಂಥ ಹೆಡ್ಡಿಗೂ ಕೆಳಗಿನ ಬ್ಲಾಕಿಗೂ ನಡುವಿನ ಹೆಡ್ ಗ್ಯಾಸ್ಕೆಟ್ಟಿನದು. ಡೀಸೆಲ್ ಎಂಜಿನ್ನಿಗೆ ಈ ಆಯಿಲ್ ಪರೀಕ್ಷೆ ಹೇಳಿದ್ದಲ್ಲ. ಅಲ್ಲಿ ಒತ್ತಡ ಬಹಳ ಹೆಚ್ಚಿರುವುದರಿಂದ ಗೇಜೂ ಬೇರೆಯೇ ಬೇಕು.

ಇದಕ್ಕಿಂತ ಸ್ಪಷ್ಟವಾದ ಇನ್ನೊಂದು ಪರೀಕ್ಷೆ ಇದೆ, ಅದನ್ನು ನಮ್ಮ ಗ್ಯಾರೇಜುಗಳಲ್ಲಿ ಮಾಡುವವರು ಕಡಿಮೆ. ಪಿಸ್ಟನ್ನನ್ನು ಕಂಪ್ರೆಶನ್ ಹಂತದ ಮೇಲ್ತುದಿಗೆ ತಂದು ನಿಲ್ಲಿಸಿ, ಪ್ಲಗ್ಗಿನ ತೂತಿನಿಂದ ಕಂಪ್ರೆಸರಿನ ಗಾಳಿಯನ್ನು ಒಳಗೆ ಬಿಟ್ಟು, ಅದು ಎಲ್ಲಿಂದ ಸೋರುತ್ತದೆ ಎಂದು ಕಿವಿಗೊಟ್ಟು ಕೇಳುವುದು. ಏರ್ ಫಿಲ್ಟರಿನ ಕಡೆಯಿಂದ ಸುಯ್ ಎಂಬ ಸದ್ದು ಬಂದರೆ ಇನ್‌ಲೆಟ್ ವಾಲ್ವ್, ಸೈಲೆನ್ಸರಿನ ಬಾಯಿಂದ ಬಂದರೆ ಎಕ್ಸಾಸ್ಟ್ ವಾಲ್ವ್, ಆಯಿಲ್ ಕಡ್ಡಿಯ ಕೊಳವೆಯಿಂದ ಜೋರಾಗಿ ಬಂದರೆ ರಿಂಗು, ರೇಡಿಯೇಟರಿನಲ್ಲಿ ಗುಳ್ಳೆ ಎದ್ದರೆ ಹೆಡ್ ಗ್ಯಾಸ್ಕೆಟ್ ಅಥವಾ ಹೆಡ್ಡಿನ ಬಿರುಕು, ಪಕ್ಕದ ಸಿಲಿಂಡರಿನ ತೂತಿನಿಂದ ಬಂದರೆ ಎರಡು ಸಿಲಿಂಡರುಗಳ ನಡುವೆ ಗ್ಯಾಸ್ಕೆಟ್ ಸುಟ್ಟಿದೆ. ರಿಂಗಿನ ತುದಿಗಳ ನಡುವೆ ಸಂದು ಇರಲೇಬೇಕಾದ್ದರಿಂದ ಆಯಿಲ್ ಕಡ್ಡಿಯ ಕಡೆ ತುಸು ಸದ್ದು ಒಳ್ಳೆಯ ಎಂಜಿನ್ನಿನಲ್ಲೂ ಇರುತ್ತದೆ. ಅದನ್ನೇ ತೋರಿಸಿ ಹೆದರಿಸುವವರಿದ್ದಾರೆ, ಅದಕ್ಕೆ ಬಲಿಬೀಳಬಾರದು. ಒಂದು ಅಡಾಪ್ಟರು, ಒಂದು ಕಂಪ್ರೆಸರು, ಸ್ವಲ್ಪ ತಾಳ್ಮೆ ಇದ್ದರೆ ಈ ಕೆಲಸ ಅರ್ಧ ದಿನದೊಳಗೆ ಮುಗಿಯುತ್ತದೆ.

ಹೊಗೆಯೂ ತನ್ನ ಮಟ್ಟಿಗೆ ಸಾಕ್ಷಿ ಹೇಳುತ್ತದೆ. ರಾತ್ರಿಯಿಡೀ ನಿಂತ ಕಾರನ್ನು ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಒಂದು ಬಾರಿ ನೀಲಿ ಹೊಗೆ ಬಂದು ಆಮೇಲೆ ತಿಳಿಯಾದರೆ, ಅಥವಾ ಚಾರ್ಮಾಡಿ, ಆಗುಂಬೆಯಂಥ ಘಾಟಿಯನ್ನು ಗೇರಿನಲ್ಲೇ ಇಳಿದು ಕೆಳಗೆ ಬಂದು ಆಕ್ಸಿಲರೇಟರ್ ಒತ್ತಿದ ಕೂಡಲೇ ಹಿಂದಿನಿಂದ ನೀಲಿ ಮೋಡ ಎದ್ದರೆ, ಮೊದಲು ಸಂಶಯಪಡಬೇಕಾದ್ದು ವಾಲ್ವ್ ಸೀಲನ್ನು. ಇಳಿಜಾರಿನಲ್ಲಿ ಥ್ರಾಟಲ್ ಮುಚ್ಚಿದ್ದಾಗ ಇನ್‌ಲೆಟ್ ಕಡೆ ಎಳೆತ ಹೆಚ್ಚುತ್ತದೆ. ಗಟ್ಟಿಯಾಗಿ ಬಿರಿದ ರಬ್ಬರ್ ಸೀಲುಗಳ ಮೂಲಕ ಹೆಡ್ಡಿನ ಮೇಲಿನ ಆಯಿಲ್ ವಾಲ್ವಿನ ಕಾಂಡದ ಗುಂಟ ಕೆಳಗಿಳಿಯುತ್ತದೆ. ಹೊರೆ ಹೊತ್ತು ಏರು ಹತ್ತುವಾಗ ನಿಲ್ಲದೆ ನೀಲಿ ಹೊಗೆ ಬರುತ್ತಿದ್ದು, ಆಯಿಲ್ ಹಾಕುವ ಮುಚ್ಚಳ ತೆಗೆದರೆ ಅಲ್ಲಿಂದಲೂ ಹೊಗೆ ಬುಸುಗುಟ್ಟಿದರೆ ಅದು ರಿಂಗಿನ ಲಕ್ಷಣ. ನನ್ನ ಭಾವಮೈದುನನ ನಾಲ್ಕು ಸಿಲಿಂಡರಿನ ಕಾರು ಹೀಗೆ ಘಾಟಿ ಇಳಿದ ಮೇಲೆ ಮಾತ್ರ ಹೊಗೆ ಬಿಡುತ್ತಿತ್ತು. ನಗರದ ಗ್ಯಾರೇಜೊಂದರಲ್ಲಿ ಬಾನೆಟ್ ಎತ್ತಿದವರು ‘ಬೋರಿಗೆ ಬಂದಿದೆ, ಎಂಜಿನ್ ಇಳಿಸಬೇಕು’ (ಅಂದರೆ ಸವೆದ ಸಿಲಿಂಡರನ್ನು ಕೊರೆದು ದೊಡ್ಡದು ಮಾಡಬೇಕು) ಎಂದು ಹೇಳಿ, ಪಿಸ್ಟನ್, ರಿಂಗು, ಬೇರಿಂಗು, ಲೇತ್ ಕೆಲಸ ಎಲ್ಲ ಸೇರಿಸಿ ಕಾರಿನ ಮಾರಾಟದ ಬೆಲೆಯ ಅರ್ಧಕ್ಕೆ ಹತ್ತಿರದ ಮೊತ್ತವನ್ನು ಚೀಟಿಯಲ್ಲಿ ಗೀಚಿಕೊಟ್ಟರು. ಬೇರೊಂದು ಕಡೆ ಅಳೆಯಿಸಿದಾಗ ನಾಲ್ಕೂ ಸಿಲಿಂಡರುಗಳಲ್ಲಿ ಕಂಪ್ರೆಶನ್ ಹೆಚ್ಚುಕಡಿಮೆ ಸಮವಾಗಿತ್ತು. ವಾಲ್ವ್ ಸೀಲುಗಳನ್ನಷ್ಟೇ ಬದಲಿಸಿದ ಮೇಲೆ ಆ ಕಾರಿನ ಹೊಗೆ ನಿಂತಿತು. ಅದು ಈಗಲೂ ಮಲೆನಾಡಿನ ರಸ್ತೆಗಳಲ್ಲಿ ಓಡುತ್ತಿದೆ.

ಆ ಸೀಲುಗಳನ್ನು ಬದಲಿಸುವಾಗ ಎಂಜಿನ್ನಿರಲಿ, ಹೆಡ್ಡನ್ನೂ ಬಿಚ್ಚಲಿಲ್ಲ. ಈ ವಿಧಾನವನ್ನು ತುಸು ವಿವರವಾಗಿ ಬರೆಯುವುದಕ್ಕೆ ಕಾರಣವಿದೆ. ಹಾಗೆ ಮಾಡಲು ಸಾಧ್ಯವೇ ಇಲ್ಲ ಎಂದು ವಾದಿಸುವ ಮೆಕ್ಯಾನಿಕ್ಕುಗಳನ್ನು ನಾನು ಕಂಡಿದ್ದೇನೆ. ವಾಲ್ವ್ ಕವರ್ ತೆಗೆದು, ಕಾರಿನ ರಚನೆಗೆ ತಕ್ಕಂತೆ ವಾಲ್ವುಗಳನ್ನು ಒತ್ತಿ ತೆರೆಯುವ ರಾಕರ್ ಶಾಫ್ಟನ್ನೋ ಕ್ಯಾಮ್ ಶಾಫ್ಟನ್ನೋ ಬಿಚ್ಚಿ, ಕೆಲಸ ನಡೆಯುವ ಸಿಲಿಂಡರಿನ ಪಿಸ್ಟನ್ನನ್ನು ಮೇಲ್ತುದಿಗೆ ತರಬೇಕು. ಪ್ಲಗ್ಗಿನ ತೂತಿಗೆ ಅಡಾಪ್ಟರ್ ಹಾಕಿ ಸುಮಾರು 6–7 ಬಾರ್ ಗಾಳಿ ತುಂಬಿದರೆ ಆ ಒತ್ತಡವೇ ವಾಲ್ವನ್ನು ಅದರ ಸೀಟಿಗೆ ಒತ್ತಿ ಹಿಡಿಯುತ್ತದೆ. ಪಿಸ್ಟನ್ ಕೂದಲೆಳೆಯಷ್ಟು ಆಚೀಚೆ ಇದ್ದರೂ ಗಾಳಿ ಅದನ್ನು ಕೆಳಕ್ಕೆ ತಳ್ಳಿ ಕ್ರ್ಯಾಂಕನ್ನೇ, ಅಂದರೆ ಪಿಸ್ಟನ್ನುಗಳು ತಿರುಗಿಸುವ ಮುಖ್ಯ ದಂಡವನ್ನೇ, ತಿರುಗಿಸಿಬಿಡುತ್ತದೆ. ಹಾಗಾಗಿ ಕಾರನ್ನು ಗೇರಿನಲ್ಲಿಟ್ಟು, ಹ್ಯಾಂಡ್‌ಬ್ರೇಕ್ ಎಳೆದು, ಚಕ್ರಗಳಿಗೆ ಕಲ್ಲು ಕೊಟ್ಟಿರಬೇಕು. ಆಯಿಲ್ ಇಳಿಯುವ ತೂತುಗಳನ್ನೆಲ್ಲ ಬಟ್ಟೆಯಿಂದ ಮುಚ್ಚಬೇಕು. ಆಮೇಲೆ ಸ್ಪ್ರಿಂಗನ್ನು ಒತ್ತಿ, ವಾಲ್ವಿನ ಕಾಂಡದ ಮೇಲ್ತುದಿಯ ಬಳಿ ಇರುವ ಎರಡು ಪುಟ್ಟ ಲಾಕುಗಳನ್ನು ಅಯಸ್ಕಾಂತದ ಕಡ್ಡಿಯಿಂದ ಎತ್ತಿದರೆ ಸ್ಪ್ರಿಂಗ್ ಕೈಗೆ ಬರುತ್ತದೆ, ಅದರಡಿ ಸೀಲು ಕಾಣುತ್ತದೆ. ಹಳೆಯ ಸೀಲನ್ನು ಬೆರಳಿನಿಂದ ಒತ್ತಿ ನೋಡಿದರೆ ರಬ್ಬರಿನ ಗುಣವೇ ಉಳಿದಿರುವುದಿಲ್ಲ; ಎಷ್ಟೋ ವೇಳೆ ಇಕ್ಕಳದಲ್ಲಿ ಹಿಡಿದರೆ ಪುಡಿಯಾಗುತ್ತದೆ. ಹೊಸದಕ್ಕೆ ಆಯಿಲ್ ಸವರಿ, ನೇರವಾಗಿ ಕೂರಿಸಿ, ಲಾಕುಗಳನ್ನು ಗ್ರೀಸಿನಲ್ಲಿ ಅಂಟಿಸಿ ಮೊದಲಿನ ಜಾಗಕ್ಕೆ ಸೇರಿಸಬೇಕು. ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದಾದ ಆ ಲಾಕು ಕೈಜಾರಿ ಎಂಜಿನ್ನಿನ ತಳದ ಆಯಿಲ್ ಚೇಂಬರಿಗೆ ಬಿದ್ದರೆ ಮಾತ್ರ ಕೆಲಸ ದುಪ್ಪಟ್ಟಾಗುತ್ತದೆ.

ಕಂಪ್ರೆಸರ್ ಇಲ್ಲದ ಹಳ್ಳಿಯ ಗ್ಯಾರೇಜಿನಲ್ಲಿ ಇನ್ನೂ ಹಳೆಯ ಉಪಾಯವೊಂದಿದೆ. ಪಿಸ್ಟನ್ ಕೆಳಗಿರುವಾಗ ಶುಭ್ರವಾದ ನೈಲಾನ್ ಹಗ್ಗವನ್ನು ಪ್ಲಗ್ಗಿನ ತೂತಿನಿಂದ ಒಳಗೆ ತುಂಬಿ, ಒಂದು ತುದಿಯನ್ನು ಹೊರಗೇ ಬಿಟ್ಟು, ಕ್ರ್ಯಾಂಕನ್ನು ಕೈಯಿಂದ ನಿಧಾನವಾಗಿ ತಿರುಗಿಸಿದರೆ ಹಗ್ಗದ ಸುರುಳಿ ವಾಲ್ವಿನ ಅಡಿಗೆ ಒತ್ತಿಕೊಂಡು ಅದನ್ನು ಬೀಳದಂತೆ ತಡೆಯುತ್ತದೆ. ನೂಲೆದ್ದ ಸೆಣಬಿನ ಹಗ್ಗ ಮಾತ್ರ ಬೇಡ.

ಹೆಡ್ ಗ್ಯಾಸ್ಕೆಟ್ ಬದಲಿಸುವುದಕ್ಕೂ ಎಂಜಿನ್ ಇಳಿಸಬೇಕಾದ ಕಾರುಗಳು ತೀರ ಕಡಿಮೆ. ಅಂಬಾಸಡರ್, ಪ್ರೀಮಿಯರ್ ಪದ್ಮಿನಿಗಳ ಕಾಲದಲ್ಲಿ ಹೆಡ್ ಬಿಚ್ಚಿ, ಮಸಿ ಕೆರೆದು, ವಾಲ್ವ್ ಗ್ರೈಂಡ್ ಮಾಡಿ ಮತ್ತೆ ಕೂರಿಸುವುದು ರಸ್ತೆಬದಿಯ ಶೆಡ್ಡುಗಳಲ್ಲೂ ನಡೆಯುತ್ತಿದ್ದ ವಾಡಿಕೆಯ ಕೆಲಸವಾಗಿತ್ತು. 1983ರಲ್ಲಿ ಬಂದ ಮಾರುತಿ 800 ಎಂಜಿನ್ನನ್ನು ಅಡ್ಡ ತಿರುಗಿಸಿ ಜಾಗ ಕಿರಿದು ಮಾಡಿತಾದರೂ ಅದರ 796 ಸಿಸಿಯ ಮೂರು ಸಿಲಿಂಡರಿನ ಎಂಜಿನ್ನಿನ ಹೆಡ್ಡನ್ನು ಕಾರಿನಲ್ಲೇ ಬಿಚ್ಚಲು ಏನೂ ಅಡ್ಡಿಯಿರಲಿಲ್ಲ. ಅದೇ ಎಂಜಿನ್ ಓಮ್ನಿಯಲ್ಲಿ ಮುಂದಿನ ಸೀಟಿನ ಅಡಿಯಲ್ಲಿತ್ತು. ಸೀಟೆತ್ತಿ ಮುಚ್ಚಳ ತೆಗೆದರೆ ಎಂಜಿನ್ನಿನ ನೆತ್ತಿಯೇ ಎದುರಿಗೆ ಬರುತ್ತಿತ್ತು. ಈಗಿನ ಕಾರುಗಳಲ್ಲಿ ಇಕ್ಕಟ್ಟು ಹೆಚ್ಚಿದೆ, ಬಿಚ್ಚಬೇಕಾದ ಪೈಪು ಮತ್ತು ತಂತಿಗಳು ಹೆಚ್ಚಿವೆ, ಅಷ್ಟೆ.

ಈ ಕೆಲಸದಲ್ಲಿ ಕೆಡುವುದು ಸಾಮಾನ್ಯವಾಗಿ ಆತುರದಿಂದ. ಅಲ್ಯೂಮಿನಿಯಂ ಹೆಡ್ಡಿನ ಬೋಲ್ಟುಗಳನ್ನು ಎಂಜಿನ್ ಪೂರ್ತಿ ತಣಿದ ಮೇಲೆಯೇ ಸಡಿಲಿಸಬೇಕು; ಅದೂ ಅಂಚಿನಿಂದ ನಡುವಿನ ಕಡೆಗೆ, ಹಂತ ಹಂತವಾಗಿ. ಬಿಗಿಯುವಾಗ ನಡುವಿನಿಂದ ಅಂಚಿನ ಕಡೆಗೆ, ಟಾರ್ಕ್ ರೆಂಚಿನಲ್ಲಿ, ಕೈಪಿಡಿ ಹೇಳಿದ ಅಳತೆಗೆ. ಬಿಗಿದಾಗ ಹಿಗ್ಗುವಂತೆ ಮಾಡಿದ ಬೋಲ್ಟುಗಳಾದರೆ ಹಳೆಯವನ್ನು ಮತ್ತೆ ಬಳಸಬಾರದು. ಹೆಡ್ಡಿನ ತಳ ಸಮವಾಗಿದೆಯೇ ಎಂದು ಉಕ್ಕಿನ ನೇರಪಟ್ಟಿ ಮತ್ತು ಫೀಲರ್ ಗೇಜಿನಿಂದ (ಸಂದು ಅಳೆಯುವ ತೆಳು ಉಕ್ಕಿನ ಪಟ್ಟಿಗಳಿಂದ) ನೋಡಬೇಕು. ಅನೇಕ ಸಣ್ಣ ಕಾರುಗಳಲ್ಲಿ 0.05 ಮಿಲಿಮೀಟರಿನಷ್ಟು ಡೊಂಕಿಗೆ ಮಾತ್ರ ಅವಕಾಶವಿರುತ್ತದೆ, ಅದಕ್ಕಿಂತ ಹೆಚ್ಚಾದರೆ ಹೆಡ್ಡನ್ನು ಫೇಸಿಂಗಿಗೆ, ಅಂದರೆ ತಳವನ್ನು ಯಂತ್ರದಲ್ಲಿ ಸಮ ಮಾಡಿಸಲು, ಕಳಿಸಬೇಕಾಗುತ್ತದೆ. ಎಂಜಿನ್ ಕಾರಿನಲ್ಲೇ ಇರುವಾಗ ಇನ್ನೊಂದು ವಿಶೇಷ ಎಚ್ಚರ ಬೇಕು: ಹೆಡ್ ಎತ್ತುವಾಗ ಚೆಲ್ಲಿದ ಕೂಲಂಟ್ ಬ್ಲಾಕಿನ ಬೋಲ್ಟ್ ತೂತುಗಳಲ್ಲಿ ನಿಂತುಬಿಡುತ್ತದೆ. ಅದನ್ನು ಬಟ್ಟೆ ಮತ್ತು ಗಾಳಿಯಿಂದ ಪೂರ್ತಿ ತೆಗೆಯದೆ ಬೋಲ್ಟ್ ಬಿಗಿದರೆ, ದ್ರವಕ್ಕೆ ಹೋಗಲು ದಾರಿಯಿಲ್ಲದೆ ಬ್ಲಾಕೇ ಬಿರಿಯಬಹುದು. ಹಾಗೆ ಬ್ಲಾಕ್ ಬಿರಿದರೆ ಎಂಜಿನ್ ಇಳಿಸದೆ ಬೇರೆ ದಾರಿಯಿಲ್ಲ.

ಪ್ರಸಂಗವಶಾತ್ ಒಂದು ಮಾತು. ಆಯಿಲ್ ಮುಚ್ಚಳದ ಒಳಗೆ ಬೆಣ್ಣೆಯಂಥ ಬಿಳಿ ಜಿಡ್ಡು ಕಂಡ ಕೂಡಲೇ ಹೆಡ್ ಗ್ಯಾಸ್ಕೆಟ್ ಹೋಯಿತೆಂದು ತೀರ್ಮಾನಿಸಬಾರದು. ಮಡಿಕೇರಿ, ಸಕಲೇಶಪುರದ ಮಳೆಗಾಲದಲ್ಲಿ ಮನೆಯಿಂದ ಪೇಟೆಗೆ, ಪೇಟೆಯಿಂದ ಮನೆಗೆ ಎಂದಷ್ಟೇ ಓಡಿ ಎಂಜಿನ್ ಸರಿಯಾಗಿ ಕಾಯದೆ ಹೋದರೆ, ಒಳಗಿನ ತೇವವೇ ಆಯಿಲಿನೊಡನೆ ಬೆರೆತು ಹಾಗೆ ಕಾಣುತ್ತದೆ. ಕೂಲಂಟ್ ಕಡಿಮೆಯಾಗುತ್ತಿದೆಯೇ, ರೇಡಿಯೇಟರಿನಲ್ಲಿ ಗುಳ್ಳೆ ಏಳುತ್ತಿದೆಯೇ ಎಂದು ನೋಡಿದರೆ ಸತ್ಯ ತಿಳಿಯುತ್ತದೆ.

ಕಾರಿನ ಅಡಿಯಿಂದ ಆಗುವ ಕೆಲಸಗಳೂ ಸಾಕಷ್ಟಿವೆ. ಆಯಿಲ್ ಚೇಂಬರ್ ಬಿಚ್ಚಿದರೆ ಅದರ ಗ್ಯಾಸ್ಕೆಟ್, ಆಯಿಲ್ ಎಳೆಯುವ ಜಾಲರಿ ಮತ್ತು ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡಿನ ಬೇರಿಂಗುಗಳು ಕೈಗೆ ಸಿಗುತ್ತವೆ. ಕೆಲವು ಕಾರುಗಳಲ್ಲಿ ಅಡ್ಡಪಟ್ಟಿಯೊಂದು ದಾರಿಗೆ ಅಡ್ಡ ಬರುವುದರಿಂದ ಮೌಂಟಿಂಗುಗಳನ್ನು ಸಡಿಲಿಸಿ ಎಂಜಿನ್ನನ್ನು ಒಂದೆರಡು ಅಂಗುಲ ಎತ್ತಿ ಹಿಡಿಯಬೇಕಾಗುತ್ತದೆ. ಆಗ ಜಾಕನ್ನು ನೇರವಾಗಿ ಚೇಂಬರಿಗೆ ಕೊಡದೆ ನಡುವೆ ಮರದ ಹಲಗೆ ಇಡಬೇಕು, ಇಲ್ಲವಾದರೆ ಒಳಕ್ಕೆ ತಗ್ಗಿದ ತಗಡು ಆ ಜಾಲರಿಯನ್ನೇ ಮುಚ್ಚಿ ಎಂಜಿನ್ನಿಗೆ ಆಯಿಲ್ ಇಲ್ಲದಂತೆ ಮಾಡಬಹುದು. ರಾಡಿನ ಬೇರಿಂಗ್ ಬದಲಿಸುವಾಗ ಆಯಾ ಕ್ಯಾಪು ಆಯಾ ರಾಡಿಗೇ, ಮೊದಲಿದ್ದ ದಿಕ್ಕಿನಲ್ಲೇ ಕೂರಬೇಕು. ಕ್ರ್ಯಾಂಕಿನ ಮೈ ಉಗುರಿಗೆ ತಾಗುವಷ್ಟು ಗೀರು ಬಿದ್ದಿದ್ದರೆ ಹೊಸ ಬೇರಿಂಗ್ ಹಾಕುವುದು ಹಣ ನೀರಿಗೆ ಹಾಕಿದಂತೆಯೇ. ಕ್ರ್ಯಾಂಕ್ ಗ್ರೈಂಡಿಂಗಿಗೆ ಹೋಗಬೇಕು, ಅಂದರೆ ಎಂಜಿನ್ ಇಳಿಯಬೇಕು.

ಉಳಿದವುಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಟೈಮಿಂಗ್ ಬೆಲ್ಟು, ಅದರ ಟೆನ್ಶನರು, ವಾಟರ್ ಪಂಪು, ಮುಂದಿನ ಆಯಿಲ್ ಸೀಲು ಇವು ಒಂದು ಬದಿಯ ಮೌಂಟಿಂಗ್ ಬಿಚ್ಚಿ ಎಂಜಿನ್ನಿಗೆ ಕೆಳಗಿನಿಂದ ಆಸರೆ ಕೊಟ್ಟರೆ ಆಗುವ ಕೆಲಸಗಳು. ಹಿಂದಿನ ಆಯಿಲ್ ಸೀಲಿಗೆ ಗೇರ್‌ಬಾಕ್ಸ್ ಇಳಿಸಿ, ಕ್ಲಚ್ಚು ಮತ್ತು ಫ್ಲೈವೀಲ್ ತೆಗೆದರೆ ಸಾಕು. ಗೇರ್‌ಬಾಕ್ಸ್ ಹೇಗೂ ಇಳಿದಿರುವಾಗ ಕ್ಲಚ್ ಪ್ಲೇಟ್ ಸವೆದಿದೆಯೇ ಎಂದು ನೋಡಿಕೊಳ್ಳುವುದು ಜಾಣತನ. ಪ್ಲಗ್ಗಿನ ಥ್ರೆಡ್ ಹೋಗಿದ್ದರೂ ಟ್ಯಾಪಿಗೆ ದಪ್ಪನಾಗಿ ಗ್ರೀಸ್ ಮೆತ್ತಿ, ಲೋಹದ ಚೂರು ಒಳಗೆ ಬೀಳದಂತೆ ಹೊಸ ಥ್ರೆಡ್ ಕೂರಿಸಬಹುದು.

ಇಷ್ಟು ಹೇಳಿದ ಮೇಲೆ ವಿವಾದದ ಮೂಲವಾದ ರಿಂಗಿನ ವಿಷಯಕ್ಕೆ ಬರಲೇಬೇಕು. ಮೇಲಿನಿಂದ ಹೆಡ್, ಕೆಳಗಿನಿಂದ ಚೇಂಬರ್ ತೆಗೆದರೆ ಅನೇಕ ಎಂಜಿನ್ನುಗಳಲ್ಲಿ ಪಿಸ್ಟನ್ನುಗಳನ್ನು ಮೇಲಕ್ಕೆ ತಳ್ಳಿ ಹೊರತೆಗೆಯಬಹುದು, ಹೊಸ ರಿಂಗು ಹಾಕಿ ಅದೇ ದಾರಿಯಲ್ಲಿ ಇಳಿಸಬಹುದು. ಇದು ಸಾಧ್ಯವಾದ ಕೆಲಸವೇ. ಆದರೆ ಸಾಧ್ಯವಿರುವುದೆಲ್ಲ ತಕ್ಕುದಲ್ಲ. ಸಿಲಿಂಡರ್ ಸವೆಯುವುದು ಮೇಲಿನಿಂದ ಕೆಳಗಿನವರೆಗೆ ಒಂದೇ ಸಮನಾಗಿ ಅಲ್ಲ. ರಿಂಗು ಮೇಲೇರಿ ನಿಲ್ಲುವ ಜಾಗದಲ್ಲಿ ಹೆಚ್ಚು, ಕೆಳಗೆ ಕಡಿಮೆ. ಹೀಗಾಗಿ ರಿಂಗು ಮುಟ್ಟದ ಮೇಲಂಚಿನಲ್ಲಿ ಒಂದು ಏಣು ಉಳಿಯುತ್ತದೆ. ಅಂಚು ಚೂಪಾಗಿರುವ ಹೊಸ ರಿಂಗು ಆ ಏಣಿಗೆ ಬಡಿದು ಮುರಿಯಬಹುದು. ಬಳಸಿ ಅಂಡಾಕಾರವಾದ ಸಿಲಿಂಡರಿನಲ್ಲಿ ದುಂಡಗಿನ ರಿಂಗು ಎಂದಿಗೂ ಸರಿಯಾಗಿ ಕೂರುವುದಿಲ್ಲ. ಪಿಸ್ಟನ್ ಹೊರಬಂದ ಮೇಲೆ ಬೋರ್ ಗೇಜಿನಿಂದ ಮೇಲೆ, ನಡುವೆ, ಕೆಳಗೆ, ಎರಡೆರಡು ದಿಕ್ಕಿನಲ್ಲಿ ಅಳೆದು ಸವಕಳಿ ಮಿತಿಯೊಳಗಿದ್ದರೆ ಮಾತ್ರ ರಿಂಗಿಗೆ ಕೈ ಹಾಕಬೇಕು. ಈ ಅಳತೆಯನ್ನೂ ಎಂಜಿನ್ ಕಾರಿನಲ್ಲಿರುವಾಗಲೇ ಮಾಡಬಹುದು ಎಂಬುದನ್ನು ಗಮನಿಸಬೇಕು. ಮಿತಿ ಮೀರಿದ್ದರೆ ಬ್ಲಾಕನ್ನು ಹೊರತೆಗೆದು ಬೋರ್ ಮಾಡಿಸಿ 0.25 ಅಥವಾ 0.50 ಮಿಲಿಮೀಟರ್ ದೊಡ್ಡ ಅಳತೆಯ ಪಿಸ್ಟನ್ ಹಾಕಬೇಕು, ಅದಕ್ಕೆ ಅವಕಾಶವಿಲ್ಲದ ಬ್ಲಾಕಾದರೆ ಬದಲಿಸಬೇಕು. ಅಂಥ ಸ್ಥಿತಿಯಲ್ಲಿ ‘ಎಂಜಿನ್ ಇಳಿಸದೆಯೇ ರಿಂಗ್ ಸೆಟ್ ಹಾಕಿಕೊಡುತ್ತೇನೆ’ ಎಂದು ಅಗ್ಗದ ಆಸೆ ತೋರಿಸುವವರನ್ನೂ ನಾನು ಸುಮ್ಮನೆ ಎಂಜಿನ್ ಇಳಿಸುವವರ ಸಾಲಿನಲ್ಲೇ ನಿಲ್ಲಿಸುತ್ತೇನೆ. ಹಾಗೆಯೇ ಎಂಜಿನ್ ಕಾರಿನಲ್ಲಿರುವಾಗ ಸಿಲಿಂಡರಿನೊಳಗೆ ಅದರ ಗೋಡೆ ಉಜ್ಜುವ ಹೋನಿಂಗ್ ಕಲ್ಲು ತಿರುಗಿಸಿದರೆ ಅದರ ಪುಡಿ ಕ್ರ್ಯಾಂಕಿನ ಆಯಿಲ್ ತೂತುಗಳಿಗೆ ಇಳಿಯುತ್ತದೆ; ಅದನ್ನು ಅಲ್ಲಿಂದ ಪೂರ್ತಿ ತೊಳೆದು ತೆಗೆಯುವುದು ಕಷ್ಟ, ಉಳಿದ ಪುಡಿ ಹೊಸ ಬೇರಿಂಗುಗಳನ್ನು ಉಜ್ಜಿ ತಿನ್ನುತ್ತದೆ.

ಲಾರಿಗಳ ಚಾಲಕರು ‘ನಮ್ಮ ಗಾಡಿಯಲ್ಲಿ ಚಾಸಿಯ ಮೇಲೇ ಪಿಸ್ಟನ್, ಲೈನರ್ ಎಲ್ಲ ಬದಲಿಸುತ್ತಾರಲ್ಲ’ ಎಂದು ಕೇಳುವುದುಂಟು. ಅದು ನಿಜ. ದೊಡ್ಡ ಡೀಸೆಲ್ ಎಂಜಿನ್ನುಗಳಲ್ಲಿ ಅನೇಕವು ಸಿಲಿಂಡರನ್ನೇ ಪ್ರತ್ಯೇಕ ಲೈನರಾಗಿ ಎಳೆದು ತೆಗೆದು ಹೊಸದನ್ನು ಕೂರಿಸುವಂತೆ ರಚಿತವಾಗಿವೆ. ಸಣ್ಣ ಕಾರಿನ ಬ್ಲಾಕಿನಲ್ಲಿ ಸಿಲಿಂಡರು ಬ್ಲಾಕಿನದೇ ಭಾಗ, ಅಥವಾ ಅಲ್ಯೂಮಿನಿಯಂ ಎರಕದೊಳಗೇ ಸೇರಿಹೋದ ತೆಳು ಕಬ್ಬಿಣದ ಕೊಳವೆ. ಲಾರಿಯ ಅನುಭವವನ್ನು ಇಲ್ಲಿಗೆ ಎಳೆದು ತರಲಾಗದು.

ಮೆಕ್ಯಾನಿಕ್ಕುಗಳ ಕಡೆಯ ನ್ಯಾಯವನ್ನೂ ಹೇಳದಿದ್ದರೆ ಪತ್ರ ಒಮ್ಮುಖವಾದೀತು. ಎಂಜಿನ್ ಕಾರಿನಲ್ಲಿರುವಾಗ ಮಾಡುವ ಕೆಲಸ ಮೈಮುರಿಯುವಂಥದ್ದು. ಮಡ್‌ಗಾರ್ಡಿನ ಮೇಲೆ ಬೋರಲು ಬಿದ್ದು, ಕಣ್ಣಿಗೆ ಕಾಣದ ಬೋಲ್ಟನ್ನು ಬೆರಳ ತುದಿಯಿಂದ ತಡಕಿ ಬಿಚ್ಚುವವನಿಗೆ ತಗಲುವ ಹೊತ್ತು, ಸ್ಟ್ಯಾಂಡಿನ ಮೇಲೆ ಎದುರಿಗಿಟ್ಟುಕೊಂಡ ಎಂಜಿನ್ನಿನಲ್ಲಿ ಅದೇ ಬೋಲ್ಟು ಬಿಚ್ಚುವುದಕ್ಕಿಂತ ಹೆಚ್ಚು. ನಮ್ಮ ಗಿರಾಕಿಗಳಾದರೋ ನೆಲದ ಮೇಲೆ ಸಾಮಾನು ಹರಡಿದ್ದನ್ನು ಕಂಡರೆ ಮಜೂರಿ ಕೊಡುತ್ತಾರೆ. ‘ಬರೀ ಸೀಲು ಬದಲಿಸಿದ್ದಕ್ಕೆ ಇಷ್ಟಾ’ ಎಂದು ಚೌಕಾಸಿಗೆ ಇಳಿಯುತ್ತಾರೆ. ಕೈಚಳಕಕ್ಕೆ ಬೆಲೆ ಕೊಡದವರು ಕ್ರೇನಿಗೆ ಬೆಲೆ ತೆರಬೇಕಾಗುತ್ತದೆ. ಪರೀಕ್ಷೆ ಮಾಡಿದ್ದಕ್ಕೇ ಪ್ರತ್ಯೇಕ ಶುಲ್ಕ ಕೇಳಿದರೆ ಅದನ್ನು ತಕರಾರಿಲ್ಲದೆ ಕೊಡುವ ರೂಢಿ ನಮ್ಮಲ್ಲಿ ಬೆಳೆಯದ ಹೊರತು ಯಾವ ಗ್ಯಾರೇಜಿನವನೂ ಗೇಜು ಕೊಂಡು ಇಟ್ಟುಕೊಳ್ಳುವುದಿಲ್ಲ. ಮೂರು ನಾಲ್ಕು ಕೆಲಸ ಒಟ್ಟಿಗೆ ಬಂದಾಗ, ಉದಾಹರಣೆಗೆ ಹಿಂದಿನ ಸೀಲು, ಚೇಂಬರಿನ ಸೋರಿಕೆ, ಟೈಮಿಂಗ್ ಚೈನು ಎಲ್ಲವೂ ಇದ್ದಾಗ, ಎಂಜಿನ್ ಇಳಿಸುವುದೇ ಒಟ್ಟಾರೆ ಅಗ್ಗವಾಗುವುದೂ ಉಂಟು. ಹಾಗಿದ್ದರೆ ಹಾಗೆಂದೇ ಬರೆದುಕೊಡಲಿ.

ಬ್ಲಾಕನ್ನೇ ಬದಲಿಸುವ ಸಲಹೆ ಬಂದಾಗ ಇನ್ನೂ ಒಂದು ಸಂಗತಿ ನೆನಪಿಡಬೇಕು. ಎಂಜಿನ್ ಸಂಖ್ಯೆ ಬ್ಲಾಕಿನ ಮೇಲೆ ಕೊರೆದಿರುತ್ತದೆ, ಆರ್‌ಸಿಯಲ್ಲಿ ಇರುವುದೂ ಅದೇ ಸಂಖ್ಯೆ. ಗುಜರಿಯಿಂದ ತಂದ ‘ಹಾಫ್ ಎಂಜಿನ್’ (ಹೆಡ್ಡಿಲ್ಲದ, ಪಿಸ್ಟನ್ ಸಮೇತದ ಬ್ಲಾಕ್) ಕೂರಿಸಿಕೊಂಡು ಸುಮ್ಮನಾದರೆ ಮುಂದೆ ಮಾರಾಟದಲ್ಲೋ, 15 ವರ್ಷದ ಬಳಿಕ ನೋಂದಣಿ ನವೀಕರಣದಲ್ಲೋ ಸಂಖ್ಯೆ ತಾಳೆಯಾಗದೆ ಪರದಾಡಬೇಕಾಗುತ್ತದೆ. ಖರೀದಿಯ ದಾಖಲೆ ಪಡೆದು ಆರ್‌ಟಿಒ ಕಚೇರಿಯಲ್ಲಿ ಬದಲಾವಣೆಯನ್ನು ನಮೂದಿಸಿಕೊಳ್ಳಲೇಬೇಕು. ಹೆಡ್ಡು, ಸೀಲು, ಬೇರಿಂಗು ಬದಲಿಸಿದಾಗ ಈ ತಾಪತ್ರಯವಿಲ್ಲ.

ಕಾರಿನ ಒಡೆಯರಲ್ಲಿ ನನ್ನ ವಿನಂತಿ ಇದು. ಎಂಜಿನ್ ಇಳಿಸಬೇಕೆಂದು ಹೇಳಿದರೆ ಪ್ರತಿ ಸಿಲಿಂಡರಿನ ಕಂಪ್ರೆಶನ್ ಅಂಕಿಯನ್ನು, ಯಾವ ಭಾಗ ಏಕೆ ಕಾರಿನಲ್ಲಿ ಬದಲಿಸಲಾಗದು ಎಂಬ ಕಾರಣವನ್ನು, ಸಾಮಾನು ಮತ್ತು ಮಜೂರಿಯ ಅಂದಾಜನ್ನು ಬೇರೆಬೇರೆಯಾಗಿ ಬರೆಯಿಸಿಕೊಳ್ಳಿ. ಬಿಚ್ಚಿದ ಹಳೆಯ ಭಾಗಗಳನ್ನು ಕೇಳಿ ಪಡೆಯಿರಿ. ಪುಡಿಯಾದ ಸೀಲು, ಸವೆದ ಬೇರಿಂಗು ತಮ್ಮ ಕಥೆಯನ್ನು ತಾವೇ ಹೇಳುತ್ತವೆ. ಬಿಲ್ಲು ಕೊಡದಿರುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕನ್ನಡದಲ್ಲೇ ದೂರಬಹುದು. ದೂರಿನ ಮಟ್ಟಕ್ಕೆ ಹೋಗುವ ಮೊದಲೇ, ಬರವಣಿಗೆಯಲ್ಲಿ ಕೇಳುತ್ತಾರೆಂದು ಗೊತ್ತಾದರೆ ಎಷ್ಟೋ ಎಂಜಿನ್ನುಗಳು ಇಳಿಯದೆ ತಮ್ಮ ಜಾಗದಲ್ಲೇ ಉಳಿಯುತ್ತವೆ.

ಸರ್ಕಾರದಿಂದಲೂ ಒಂದು ಕೆಲಸ ಆಗಬಹುದು. ಮೋಟಾರು ವಾಹನ ವಿಭಾಗವಿರುವ ಸರ್ಕಾರಿ ಕೈಗಾರಿಕಾ ತರಬೇತಿ ಸಂಸ್ಥೆಗಳಲ್ಲಿ ಕಂಪ್ರೆಸರು, ಗೇಜು, ಕಲಿಯುವ ಹುಡುಗ ಹುಡುಗಿಯರು, ಕಲಿಸುವ ಬೋಧಕರು ಎಲ್ಲ ಇದ್ದಾರೆ. ವಾರಕ್ಕೊಂದು ದಿನ ನಿಗದಿತ ಶುಲ್ಕ ಪಡೆದು ಸಾರ್ವಜನಿಕರ ಕಾರುಗಳ ಕಂಪ್ರೆಶನ್ ಮತ್ತು ಸೋರಿಕೆ ಪರೀಕ್ಷೆ ಮಾಡಿ, ಅಂಕಿಗಳನ್ನು ಮುದ್ರಿತ ನಮೂನೆಯಲ್ಲಿ ತುಂಬಿ ಸಹಿ ಮಾಡಿಕೊಡುವ ವ್ಯವಸ್ಥೆಯಾದರೆ, ದುರಸ್ತಿಯಲ್ಲಿ ಲಾಭದ ಆಸೆಯಿಲ್ಲದ ಒಂದು ಜಾಗದಿಂದ ಕಾರಿನವರಿಗೆ ಎರಡನೆಯ ಅಭಿಪ್ರಾಯ ಸಿಗುತ್ತದೆ. ಕತ್ತರಿಸಿದ ಮಾದರಿ ಎಂಜಿನ್ನನ್ನೇ ನೋಡಿ ನೋಡಿ ಬೇಸತ್ತ ವಿದ್ಯಾರ್ಥಿಗಳಿಗೆ ನಿಜವಾಗಿ ಹೊಗೆ ಬಿಡುವ ಎಂಜಿನ್ನುಗಳು ಸಿಗುತ್ತವೆ. ಕೌಶಲ್ಯಾಭಿವೃದ್ಧಿ ಇಲಾಖೆಯವರು ಇದನ್ನು ಮೊದಲಿಗೆ ಒಂದೆರಡು ಜಿಲ್ಲೆಗಳಲ್ಲಾದರೂ ಆರಂಭಿಸಬೇಕೆಂದು ತಮ್ಮ ಪತ್ರಿಕೆಯ ಮೂಲಕ ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಬೋಧಕ, ಹಾಸನ